ಬಡಗಿಯ ಹಿತ್ತಲಿನ ಗಾಳಿಯಂತ್ರ

‘ಗಾಳಿ ಬಂದಾಗ ತೂರಿಕೋ’ ಎಂಬ ನಮ್ಮ ಗಾದೆಯಲ್ಲಿ ಗಾಳಿಯ ವಿಷಯಕ್ಕೆ ರೈತನಿಗಿರುವ ಅನುಭವವೆಲ್ಲ ಅಡಕವಾಗಿದೆ. ಕಣದಲ್ಲಿ ಮೊರ ಹಿಡಿದು ನಿಂತವನಿಗೆ ಗಾಳಿ ಯಜಮಾನನೇ ಹೊರತು ಆಳಲ್ಲ. ಬಂದಾಗ ಕೆಲಸ, ಬಾರದಾಗ ಕಾಯುವುದು. ಈ ಯಜಮಾನನನ್ನು ಆಳಾಗಿ ದುಡಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಹಳೆಯದು. ಪರ್ಷಿಯಾದ ಹಿಟ್ಟಿನ ಗಿರಣಿಗಳೂ ಹಾಲೆಂಡಿನ ನೀರೆತ್ತುವ ಗಿರಣಿಗಳೂ ಆ ಆಸೆಯಿಂದ ಹುಟ್ಟಿದವು. ಆದರೆ ಇಂದು ನಾನು ಹೇಳಹೊರಟಿರುವುದು ಆ ಗಿರಣಿಗಳ ಕಥೆಯನ್ನಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಗೋ ಗದಗಿನ ಕಪ್ಪತಗುಡ್ಡದ ಕಡೆಗೋ ಪಯಣಿಸುವವರು ಬೆಟ್ಟಸಾಲಿನ ಮೇಲೆ ನಿಂತ ಬಿಳಿಯ ಯಂತ್ರಗಳನ್ನು ನೋಡಿರುತ್ತಾರೆ. ಎತ್ತರದ ಕಂಬ, ಅದರ ತಲೆಯಲ್ಲಿ ಗಾಳಿಗೆ ಮುಖಮಾಡಿ ನಿಧಾನವಾಗಿ ತಿರುಗುವ ಮೂರು ರೆಕ್ಕೆಗಳು. ಎರಡಲ್ಲ, ನಾಲ್ಕಲ್ಲ, ಮೂರು. ಜಗತ್ತಿನಲ್ಲೆಲ್ಲ ಇದೇ ರೂಪ. ಈ ರೂಪ ಗೆದ್ದುಬಂದದ್ದು ಯಾವುದೋ ದೊಡ್ಡ ಸರಕಾರದ ದೊಡ್ಡ ಪ್ರಯೋಗಶಾಲೆಯಿಂದಲ್ಲ, ಡೆನ್ಮಾರ್ಕಿನ ಪಶ್ಚಿಮ ಭಾಗದ ಬಡಗಿಗಳು, ಕಮ್ಮಾರರು, ಶಾಲಾಮಾಸ್ತರರು 1975ರಿಂದ 1980ರವರೆಗೆ ತಮ್ಮ ಹಿತ್ತಲುಗಳಲ್ಲಿಯೂ ಕುಲುಮೆಗಳಲ್ಲಿಯೂ ನಡೆಸಿದ ದುಡಿಮೆಯಿಂದ ಎಂದು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡೋಣ.

ಗಾಳಿಯಿಂದ ವಿದ್ಯುತ್ತನ್ನು ತೆಗೆದವರಲ್ಲಿ ಮೊದಲಿಗರೂ ಮನೆಯಂಗಳದಲ್ಲಿಯೇ ಕೆಲಸ ಮಾಡಿದವರು. ಗ್ಲಾಸ್ಗೋ ನಗರದ ಅಧ್ಯಾಪಕ ಜೇಮ್ಸ್ ಬ್ಲೈತ್ 1887ರಲ್ಲಿ ಮೇರಿಕರ್ಕ್ ಎಂಬ ಸ್ಕಾಟ್ಲಂಡಿನ ಹಳ್ಳಿಯಲ್ಲಿ, ತನ್ನ ಬೇಸಗೆಯ ಮನೆಯ ತೋಟದಲ್ಲಿ ಬಟ್ಟೆಯ ಹಾಯಿಗಳ ಒಂದು ಗಾಳಿಯಂತ್ರವನ್ನು ನಿಲ್ಲಿಸಿ, ಬ್ಯಾಟರಿ ತುಂಬಿಸಿ, ಮನೆಗೆ ದೀಪ ಹಚ್ಚಿಕೊಂಡ. ಮಿಕ್ಕ ವಿದ್ಯುತ್ತನ್ನು ಊರಿನ ಬೀದಿದೀಪಕ್ಕೆ ಕೊಡುತ್ತೇನೆಂದಾಗ ಹಳ್ಳಿಯವರು ಅದು ಸೈತಾನನ ಕೆಲಸವೆಂದು ಬೇಡವೆಂದರಂತೆ. ಮರುವರ್ಷ ಅಮೆರಿಕದ ಕ್ಲೀವ್‌ಲಂಡಿನಲ್ಲಿ ಚಾರ್ಲ್ಸ್ ಬ್ರಷ್ ಎಂಬ ಧನಿಕ ಸಂಶೋಧಕ ತನ್ನ ಬಂಗಲೆಯ ಹಿಂದೆ 17 ಮೀಟರು ಅಗಲದ, ದೇವದಾರು ಜಾತಿಯ ಮರದ 144 ಪಟ್ಟಿಗಳ ದೈತ್ಯಚಕ್ರವೊಂದನ್ನು ಕಟ್ಟಿಸಿದ. ಅಷ್ಟು ದೊಡ್ಡ ಚಕ್ರದಿಂದ ಬಂದದ್ದು ಹೆಚ್ಚೆಂದರೆ 12 ಕಿಲೋವಾಟ್. ಬ್ರಷ್‌ನ ಯಂತ್ರ ಸುಮಾರು 20 ವರ್ಷ ದುಡಿದರೂ ಅದರ ಸಂತತಿ ಬೆಳೆಯಲಿಲ್ಲ. ಪಟ್ಟಿಗಳು ಹೆಚ್ಚಿದಷ್ಟೂ ಗಾಳಿ ಹೆಚ್ಚು ಸಿಕ್ಕೀತೆಂಬ, ಕಣ್ಣಿಗೆ ಸಹಜವೆನ್ನಿಸುವ ತರ್ಕ ಅಲ್ಲಿ ದಾರಿ ತಪ್ಪಿಸಿತ್ತು.

ಆ ತರ್ಕವನ್ನು ಪ್ರಯೋಗದಿಂದ ಮುರಿದವನು ಡೆನ್ಮಾರ್ಕಿನ ಪೌಲ್ ಲಾ ಕೂರ್. 1846ರಲ್ಲಿ ಹುಟ್ಟಿದ ಈತ ಹವಾಮಾನ ಶಾಸ್ತ್ರವನ್ನು ಓದಿದವನು. ತಂತಿ ಸಂದೇಶದ ಉಪಕರಣಗಳಲ್ಲಿ ಹೊಸತನ್ನು ಕಂಡು ಹೆಸರು ಮಾಡಿದ್ದವನು. ರಾಜಧಾನಿಯಲ್ಲಿದ್ದಿದ್ದರೆ ಕೀರ್ತಿಯೂ ಹಣವೂ ದೊರೆಯಬಹುದಾಗಿತ್ತು. ಆದರೆ 1878ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ಜಾನಪದ ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಹೊರಟುಹೋದ. ಗ್ರುಂಡ್ಟ್ವಿಗ್ ಎಂಬ ಪಾದ್ರಿ-ಕವಿಯ ಚಿಂತನೆಯಿಂದ ಹುಟ್ಟಿದ ಈ ಶಾಲೆಗಳ ವಿಚಾರವನ್ನು ನಮ್ಮಲ್ಲಿ ಕೆಲವರಾದರೂ ಬಲ್ಲರು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಹೊಲದಲ್ಲಿ ದುಡಿಯುವ ತರುಣ ತರುಣಿಯರು ಕೆಲವು ತಿಂಗಳು ಒಟ್ಟಿಗೆ ವಾಸಿಸಿ, ಓದಿ, ಹಾಡಿ, ಚರ್ಚಿಸಿ ಮತ್ತೆ ಹೊಲಕ್ಕೆ ಮರಳುತ್ತಾರೆ. ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದಾಗ ಅವರ ಕಣ್ಣ ಮುಂದಿದ್ದ ಮಾದರಿ ಈ ಡೇನಿಷ್ ಶಾಲೆಗಳೇ.

ಲಾ ಕೂರ್‌ನನ್ನು ಕಾಡಿದ ಪ್ರಶ್ನೆ ಇದು: ಪಟ್ಟಣಗಳಿಗೆ ವಿದ್ಯುತ್ತು ಬರುತ್ತಿದೆ, ಅದರೊಂದಿಗೆ ಕೈಗಾರಿಕೆಯೂ ಬೆಳಕೂ ಅಲ್ಲಿಗೇ ಹೋಗುತ್ತಿವೆ, ಹಳ್ಳಿಯ ಪಾಲಿಗೆ ಉಳಿಯುವುದೇನು? ಕಲ್ಲಿದ್ದಲು ಆ ದೇಶದಲ್ಲಿಲ್ಲ, ಎತ್ತರದ ಜಲಪಾತವೂ ಇಲ್ಲ. ಇರುವುದು ಗಾಳಿ. 1891ರಲ್ಲಿ ಸರಕಾರದ ನೆರವು ಪಡೆದು ಶಾಲೆಯ ಆವರಣದಲ್ಲಿಯೇ ಪ್ರಯೋಗದ ಗಿರಣಿಯನ್ನು ನಿಲ್ಲಿಸಿದ. ಗಾಳಿ ನಿಂತಾಗ ಏನು ಮಾಡುವುದು ಎಂಬ ಕಣದ ರೈತನ ಚಿಂತೆಗೆ ಅವನು ಕಂಡ ಉತ್ತರ ಆ ಕಾಲಕ್ಕೆ ಅದ್ಭುತವಾದುದು. ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ತೆಗೆದು, ಅದನ್ನು 12 ಘನ ಮೀಟರಿನ ತೊಟ್ಟಿಯಲ್ಲಿ ಕೂಡಿಟ್ಟು, ಆ ಅನಿಲದಿಂದ ಶಾಲೆಯ ದೀಪಗಳನ್ನು ಉರಿಸಿದ. 1895ರಿಂದ 1902ರವರೆಗೆ ಆಸ್ಕೋವ್ ಶಾಲೆಯ ಮಕ್ಕಳು ಗಾಳಿಯ ಬೆಳಕಿನಲ್ಲಿ ಓದಿದರು. ಜಲಜನಕದೊಳಗೆ ಅಷ್ಟಿಷ್ಟು ಆಮ್ಲಜನಕ ಸೇರಿಕೊಂಡು ಸ್ಫೋಟವಾಗಿ ಕಟ್ಟಡಗಳ ಕಿಟಕಿಗಾಜುಗಳನ್ನು ಹಲವು ಸಲ ಹೊಸದಾಗಿ ಹಾಕಿಸಬೇಕಾಯಿತೆಂಬುದೂ ಚರಿತ್ರೆಯ ಭಾಗವೇ. ಶಾಲೆಯ ಮುಖ್ಯಸ್ಥರ ಸಹನೆಯನ್ನು ಮೆಚ್ಚಬೇಕು!

ಜಲಜನಕಕ್ಕಿಂತಲೂ ಮುಖ್ಯವಾದುದು ಅವನ ಇನ್ನೊಂದು ಕೆಲಸ. ಕೊಳವೆಯೊಳಗೆ ಗಾಳಿಯನ್ನು ಹಾಯಿಸಿ, ಅದರ ಮುಂದೆ ಪುಟ್ಟ ಮಾದರಿ ರೆಕ್ಕೆಗಳನ್ನಿಟ್ಟು ಬಲವನ್ನು ಅಳೆದ. ರೆಕ್ಕೆಗಳು ಕೆಲವೇ ಇದ್ದು, ಅವು ವೇಗವಾಗಿ ತಿರುಗಿದರೆ ವಿದ್ಯುತ್ತಿಗೆ ಹೆಚ್ಚು ಅನುಕೂಲ ಎಂಬುದು ಅವನಿಗೆ ಸ್ಪಷ್ಟವಾಯಿತು. ಬ್ರಷ್‌ನ 144 ಪಟ್ಟಿಗಳ ಎದುರು ಇದು ಎಷ್ಟು ದೊಡ್ಡ ಹೆಜ್ಜೆ ಎಂಬುದನ್ನು ಗಮನಿಸಬೇಕು. ಅವನು ಇದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. ಫಲಿತಾಂಶಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದ. ಹಳ್ಳಿಯ ಹುಡುಗರನ್ನು ಸೇರಿಸಿ ಗ್ರಾಮೀಣ ವಿದ್ಯುತ್ ಕೆಲಸಗಾರರ ತರಗತಿಗಳನ್ನು ನಡೆಸಿದ. 1908ರಲ್ಲಿ ಅವನು ತೀರಿಕೊಂಡ ಮೇಲೂ ಆ ಬಿತ್ತನೆ ನಿಲ್ಲಲಿಲ್ಲ. 1918ರ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಸುಮಾರು 120 ಊರುಗಳ ವಿದ್ಯುತ್ ಕೇಂದ್ರಗಳಲ್ಲಿ 20ರಿಂದ 35 ಕಿಲೋವಾಟಿನ ಗಾಳಿಯಂತ್ರಗಳಿದ್ದವು. ದೇಶದ ವಿದ್ಯುತ್ತಿನಲ್ಲಿ ಅವುಗಳ ಪಾಲು ನೂರಕ್ಕೆ ಮೂರರಷ್ಟು.

ಆ ತರಗತಿಯಲ್ಲಿ 1904ರಲ್ಲಿ ಕುಳಿತಿದ್ದ ಹುಡುಗರಲ್ಲಿ ಯೊಹಾನೆಸ್ ಯೂಲ್ ಎಂಬವನೊಬ್ಬನಿದ್ದ. ಆಗ ಅವನ ವಯಸ್ಸು 17. ಕಲಿತದ್ದನ್ನು ಅವನು ಬಳಕೆಗೆ ತಂದದ್ದು ನಾಲ್ಕು ದಶಕಗಳ ನಂತರ, ವಿದ್ಯುತ್ ಸಂಸ್ಥೆಯೊಂದರಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತಿಯ ಅಂಚಿಗೆ ಬಂದಾಗ. ಎರಡನೆಯ ಮಹಾಯುದ್ಧದ ಅಭಾವವನ್ನು ಕಂಡಿದ್ದ ಯೂಲ್ 1950ರ ಸುಮಾರಿಗೆ ಚಿಕ್ಕ ಯಂತ್ರಗಳಿಂದ ಆರಂಭಿಸಿ, 1957ರಲ್ಲಿ ಗೆಡ್ಸರ್ ಎಂಬ ಕಡಲಂಚಿನ ಊರಿನಲ್ಲಿ 24 ಮೀಟರು ವ್ಯಾಸದ, 200 ಕಿಲೋವಾಟಿನ ಯಂತ್ರವನ್ನು ನಿಲ್ಲಿಸಿದ. ಮೂರು ರೆಕ್ಕೆ, ಅವನ್ನು ಒಂದಕ್ಕೊಂದು ಬಿಗಿದು ಹಿಡಿದ ತಂತಿಗಳು, ನೋಡುವುದಕ್ಕೆ ಒರಟು. ಆದರೆ ಅದು 1967ರವರೆಗೆ ಹೆಚ್ಚಿನ ಉಪಚಾರವನ್ನು ಬೇಡದೆ ದುಡಿಯಿತು.

ಈ ಯಂತ್ರದ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿಯದೆ ಮುಂದೆ ಬರುವ ಬಡಗಿಯ ಸಾಹಸ ಅರ್ಥವಾಗದು. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಎಲೆ ಅಲುಗಿಸುವ ಗಾಳಿಗೆ ಹೊಂದಿಸಿ ಕಟ್ಟಿದ ಯಂತ್ರ ಬಿರುಗಾಳಿಯಲ್ಲಿ ನುಚ್ಚುನೂರಾಗುವುದು ಇದರಿಂದಲೇ. ಆದ್ದರಿಂದ ಗಾಳಿಯಂತ್ರ ಕಟ್ಟುವವನ ನಿಜವಾದ ಸಮಸ್ಯೆ ಶಕ್ತಿಯನ್ನು ಪಡೆಯುವುದಲ್ಲ, ಹೆಚ್ಚಾದ ಶಕ್ತಿಯನ್ನು ಬೇಡವೆನ್ನುವುದು. ಯೂಲ್ ಇದನ್ನು ಎರಡು ಸರಳ ಉಪಾಯಗಳಿಂದ ಸಾಧಿಸಿದ. ನಮ್ಮ ತೋಟಗಳ ಪಂಪ್‌ಸೆಟ್ಟುಗಳಲ್ಲಿರುವ ಇಂಡಕ್ಷನ್ ಮೋಟಾರನ್ನು ಎಲ್ಲರೂ ಬಲ್ಲರು. ಅದು ವಿದ್ಯುತ್ ಜಾಲ ಗೊತ್ತುಮಾಡಿದ ವೇಗಕ್ಕಿಂತ ತುಸು ಕಡಿಮೆಯಲ್ಲಿ ತಿರುಗುತ್ತ ವಿದ್ಯುತ್ತನ್ನು ತಿನ್ನುತ್ತದೆ. ಹೊರಗಿನಿಂದ ಯಾರಾದರೂ ಅದರ ದಂಡವನ್ನು ಆ ವೇಗಕ್ಕಿಂತ ತುಸು ಹೆಚ್ಚು ತಿರುಗಿಸಿದರೆ ಅದೇ ಮೋಟಾರು ತಿಂದದ್ದನ್ನು ಮರಳಿ ಕೊಡತೊಡಗುತ್ತದೆ, ಜನರೇಟರ್ ಆಗುತ್ತದೆ. ವೇಗವನ್ನು ಕಾಯುವ ಕೆಲಸವನ್ನು ಇಡೀ ದೇಶದ ವಿದ್ಯುತ್ ಜಾಲವೇ ಮಾಡುತ್ತದೆ. ಯಂತ್ರ ಓಡಿಹೋಗದಂತೆ ಹಗ್ಗ ಕಟ್ಟಿ ಹಿಡಿದ ಹಾಗೆ. ಎರಡನೆಯದು ರೆಕ್ಕೆಯ ಆಕಾರದಲ್ಲಿರುವ ಉಪಾಯ. ರೆಕ್ಕೆ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ಗಾಳಿ ಮಿತಿಮೀರಿ ಬೀಸಿದರೆ, ಅದರ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಸುಳಿಸುಳಿಯಾಗಿ ಒಡೆದು ಬೇರೆಯಾಗುತ್ತದೆ. ತಿರುಗಿಸುವ ಬಲ ತಾನಾಗಿಯೇ ಕುಗ್ಗುತ್ತದೆ. ವಿಮಾನಕ್ಕೆ ಆಪತ್ತಾದುದು ಇಲ್ಲಿ ರಕ್ಷೆ! ರೆಕ್ಕೆಯ ಕೋನವನ್ನು ಬದಲಿಸುವ ನಾಜೂಕಿನ ಯಂತ್ರಾಂಗಗಳೇ ಬೇಡವಾದವು. ವಿದ್ಯುತ್ ಕಡಿದು ಹಗ್ಗ ಹರಿದಾಗ ಏನು ಗತಿ? ಅದಕ್ಕೆ ಯೂಲ್ ರೆಕ್ಕೆಗಳ ತುದಿಗಳನ್ನೇ ಅಡ್ಡ ತಿರುಗಿ ಗಾಳಿಯನ್ನು ತಡೆಯುವಂತೆ ಮಾಡಿದ್ದ.

1960ರ ದಶಕ ಅಗ್ಗದ ಎಣ್ಣೆಯ ಕಾಲ. ಗೆಡ್ಸರಿನ ಯಂತ್ರ ನಿಂತಿತು. 1969ರಲ್ಲಿ ಯೂಲ್ ತೀರಿಕೊಂಡ.

ನಾಲ್ಕೇ ವರ್ಷಗಳಲ್ಲಿ ಕಾಲ ತಿರುಗಿತು. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಡೆನ್ಮಾರ್ಕಿನ ಶಕ್ತಿಯ ನೂರಕ್ಕೆ ತೊಂಬತ್ತು ಪಾಲು ಹೊರಗಿನಿಂದ ಬರುವ ಎಣ್ಣೆಯದಾಗಿತ್ತು. ಭಾನುವಾರಗಳಂದು ಕಾರುಗಳು ರಸ್ತೆಗಿಳಿಯಬಾರದೆಂದು ಸರಕಾರ ಆಜ್ಞೆಮಾಡಿತು. ವಿದ್ಯುತ್ ಸಂಸ್ಥೆಗಳು ಪರಮಾಣು ಸ್ಥಾವರಗಳತ್ತ ಕೈಚಾಚಿದವು. ಅದನ್ನು ಒಲ್ಲದ ಜನ 1974ರಲ್ಲಿ ಸಂಘಟನೆ ಕಟ್ಟಿ ಊರೂರಲ್ಲಿ ಚರ್ಚೆಗಿಳಿದರು. ಬೇಡವೆನ್ನುವುದು ಸುಲಭ, ಬೇರೇನು ಎಂದು ತೋರಿಸುವುದು ಕಷ್ಟ. ತೋರಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಕ್ರಿಶ್ಚಿಯನ್ ರೀಸಾಗರ್. ಈತ ಯುಟ್ಲಂಡ್ ಪ್ರಾಂತದ ಬಡಗಿ. ಎಂಜಿನಿಯರಿಂಗ್ ಓದಿದವನಲ್ಲ. ಗೆಡ್ಸರಿನ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು, ಅದನ್ನು ತನ್ನ ಕೈಗೆಟುಕುವಷ್ಟು ಚಿಕ್ಕದು ಮಾಡಿಕೊಂಡ. ಮರದಲ್ಲಿ ರೆಕ್ಕೆಗಳನ್ನು ಕಡೆದ. ಬಡಗಿಗೆ ಅದೇನು ಹೊಸ ವಿದ್ಯೆಯಲ್ಲ. ಉಳಿ ಬಾಚಿಗಳಿಗೆ ಒಗ್ಗಿದ ಕೈಗೆ ಬಾಗು ತಿರುವುಗಳು ಬೆರಳ ತುದಿಯಲ್ಲಿಯೇ ತಿಳಿಯುತ್ತವೆ. ಉಳಿದ ಭಾಗಗಳಿಗೆ ಹೊಸ ಅಚ್ಚುಗಳನ್ನು ಎರೆಯಲಿಲ್ಲ. ಲಾರಿಗಳಿಗೆಂದು ತಯಾರಾದ, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳನ್ನು ಕೊಂಡುತಂದ. ಜನರೇಟರಿನ ಸ್ಥಾನದಲ್ಲಿ ಸಾಮಾನ್ಯ ಇಂಡಕ್ಷನ್ ಮೋಟಾರು. ಹೀಗೆ 1976ರ ಹೊತ್ತಿಗೆ 22 ಕಿಲೋವಾಟಿನ ಯಂತ್ರವೊಂದು ಬಡಗಿಯ ಅಂಗಳದಿಂದ ದೇಶದ ವಿದ್ಯುತ್ ಜಾಲಕ್ಕೆ ವಿದ್ಯುತ್ತನ್ನು ಊಡತೊಡಗಿತು. ಅಲ್ಲಿಯವರೆಗೆ ಜಾಲದಿಂದ ಜನ ವಿದ್ಯುತ್ತನ್ನು ಕೊಳ್ಳುತ್ತಿದ್ದರೇ ಹೊರತು ಜಾಲಕ್ಕೆ ಕೊಡುವ ಮನೆಯವನನ್ನು ಯಾರು ಕಂಡಿದ್ದರು? ಬೇಡಿಕೆ ಬಂತು, ಮುಂದಿನ ವರ್ಷಗಳಲ್ಲಿ ಇಂಥ ಹಲವಾರು ಹತ್ತು ಯಂತ್ರಗಳು ಅವನ ಕಾರ್ಯಾಗಾರದಿಂದ ಹೊರಬಿದ್ದವು.

ಕಂಡವರು ಕೈಕಟ್ಟಿ ಕೂರಲಿಲ್ಲ. ಹರ್ಬೋರ್ಗ್ ಎಂಬ ಊರಿನ ಕಮ್ಮಾರ ಕಾರ್ಲ್ ಎರಿಕ್ ಯೋರ್ಗನ್ಸನ್ ತನ್ನ ಕುಲುಮೆಯಲ್ಲಿ ಗಾಳಿಯಂತ್ರಕ್ಕೆ ತೊಡಗಿದ. 1957ರಲ್ಲಿ ಹುಟ್ಟಿದ ಹೆನ್ರಿಕ್ ಸ್ಟೀಸ್ಡಾಲ್ ಎಂಬ ಹುಡುಗ ತನ್ನ ತಂದೆಯ ಹೊಲಕ್ಕೆಂದು ಯಂತ್ರ ಕಟ್ಟುವ ಹಂಬಲದಿಂದ ಅವನ ಜೊತೆಗೂಡಿದ. ಎರಿಕ್ ಗ್ರೋವ್-ನೀಲ್ಸನ್ ಎಂಬ ಇನ್ನೊಬ್ಬ ಗಾಜಿನ ನಾರು ಮತ್ತು ರಾಳದಲ್ಲಿ ಐದು ಮೀಟರು ಉದ್ದದ ರೆಕ್ಕೆಗಳನ್ನು ಎರೆದು ಯಾರಿಗೆ ಬೇಕಾದರೂ ಮಾರತೊಡಗಿದ. ಇದು ಬಹು ದೊಡ್ಡ ಅನುಕೂಲವಾಯಿತು. ರೆಕ್ಕೆಯೊಂದು ಸಿಕ್ಕಿದರೆ ಮಿಕ್ಕದ್ದನ್ನು ಬೆಸುಗೆ ಬಲ್ಲ ಯಾವ ಕಮ್ಮಾರನಾದರೂ ಮಾಡಿಯಾನು. ಗಾಳಿಯಂತ್ರದ ಹುಚ್ಚು ಹಿಡಿದವರು ಆಗಾಗ ಒಂದೆಡೆ ಸೇರುತ್ತಿದ್ದರು. ಯಾರ ಯಂತ್ರ ಎಷ್ಟು ಕೊಟ್ಟಿತು, ಯಾರದು ಎಲ್ಲಿ ಮುರಿಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹಂಚಿಕೊಳ್ಳುತ್ತಿದ್ದರು. ಮುರಿದದ್ದರ ಸುದ್ದಿಯೇ ಅಲ್ಲಿ ಹೆಚ್ಚು ಬೆಲೆಯುಳ್ಳ ಸುದ್ದಿ.

ಮುರಿಯುವುದೇನೋ ಮುರಿಯಿತು. ಮೊದಮೊದಲಿನ ಹಲವರು ಯೂಲ್‌ನಿಂದ ಇಂಡಕ್ಷನ್ ಮೋಟಾರನ್ನು ಪಡೆದುಕೊಂಡರು, ಮೂರು ರೆಕ್ಕೆಗಳನ್ನು ಪಡೆದುಕೊಂಡರು. ರೆಕ್ಕೆಯ ತುದಿಯಲ್ಲಿದ್ದ ಆ ಕೊನೆಯ ರಕ್ಷಣೆಯನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ಬಿರುಗಾಳಿಯಲ್ಲಿ ಬ್ರೇಕು ಸೋತು, ಕಡಿವಾಣವಿಲ್ಲದೆ ತಿರುಗಿದ ಯಂತ್ರದಿಂದ ರೆಕ್ಕೆ ಕಿತ್ತು ಹಾರುವುದೆಂದರೆ ಹಳ್ಳಿಯ ನಡುವೆ ಫಿರಂಗಿ ಹಾರಿದ ಹಾಗೆ. ಅಂಥ ಪ್ರಸಂಗಗಳಾದ ಮೇಲೆ ಗ್ರೋವ್-ನೀಲ್ಸನ್ ತನ್ನ ರೆಕ್ಕೆಗಳ ತುದಿಗೆ ತಾನಾಗಿ ತಿರುಗಿಕೊಳ್ಳುವ ತಡೆಯನ್ನು ಅಳವಡಿಸಿದ. ಹಳೆಯ ಯೂಲ್‌ನ ಉಪಾಯ ಹೀಗೆ ಮತ್ತೊಮ್ಮೆ ಹುಟ್ಟಿಬಂತು. ಸರಕಾರ 1978ರಲ್ಲಿ ರೀಸೋ ಎಂಬಲ್ಲಿ ಪರೀಕ್ಷಾ ಕೇಂದ್ರವನ್ನು ತೆರೆದಾಗ, ಒಂದು ಸೋತರೆ ಇನ್ನೊಂದು ಹಿಡಿಯುವಂತೆ ಬೇರೆಬೇರೆಯಾದ ಎರಡು ಬ್ರೇಕುಗಳಿರಬೇಕೆಂಬುದು ಅಲ್ಲಿನ ಕಟ್ಟಳೆಯಾಯಿತು.

ಇದೇ ಕಾಲದಲ್ಲಿ ಟ್ವಿಂಡ್ ಎಂಬಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿನ ಶಾಲೆಗಳ ಉಪಾಧ್ಯಾಯರು ತಮ್ಮ ಸಂಬಳವನ್ನು ಒಟ್ಟುಗೂಡಿಸಿ, ವಿದ್ಯಾರ್ಥಿಗಳನ್ನೂ ನೂರಾರು ಸ್ವಯಂಸೇವಕರನ್ನೂ ಸೇರಿಸಿಕೊಂಡು, 1975ರಿಂದ 1978ರವರೆಗೆ ದುಡಿದು, ಆ ಹೊತ್ತಿಗೆ ಜಗತ್ತಿನಲ್ಲಿಯೇ ಅತಿ ದೊಡ್ಡದಾದ ಗಾಳಿಯಂತ್ರವನ್ನು ಕಟ್ಟಿದರು. 53 ಮೀಟರಿನ ಕಾಂಕ್ರೀಟು ಗೋಪುರ, 54 ಮೀಟರಿನ ಚಕ್ರ, ಮೂರು ರೆಕ್ಕೆ. ಮುಖ್ಯವಾದ ಯಂತ್ರಭಾಗಗಳು ಬೇರೆಡೆ ಬಳಸಿ ಬಿಟ್ಟ ಹಳೆಯ ಮಾಲು. ಆ ಸಂಸ್ಥೆಯ ಮುಖಂಡರ ಮೇಲೆ ಮುಂದೆ ಆಪಾದನೆಗಳು ಬಂದು ನ್ಯಾಯಾಲಯದ ಮೆಟ್ಟಿಲೇರಿದ್ದು ಬೇರೆಯೇ ಕಥೆ. ಯಂತ್ರ ಮಾತ್ರ ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳದೆ, 1993ರಲ್ಲಿ ಹೊಸ ರೆಕ್ಕೆಗಳನ್ನು ತೊಟ್ಟು, ತಿರುಗುತ್ತಲೇ ಬಂದಿದೆ.

ಈಗ ಇದರ ಎದುರಿಗೆ ಇನ್ನೊಂದು ಚಿತ್ರವನ್ನಿಡಬೇಕು. ಅಮೆರಿಕದಲ್ಲಿ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 1975ರಲ್ಲಿ ಒಹಾಯೊ ಪ್ರಾಂತದಲ್ಲಿ 100 ಕಿಲೋವಾಟಿನ ಯಂತ್ರದಿಂದ ಆರಂಭಿಸಿ, ಕೆಲವೇ ವರ್ಷಗಳಲ್ಲಿ 91 ಮೀಟರು ವ್ಯಾಸದ, 2.5 ಮೆಗಾವಾಟಿನ ಯಂತ್ರಗಳಿಗೆ ನೆಗೆಯಿತು. ಜರ್ಮನಿ 1983ರಲ್ಲಿ ‘ಗ್ರೋವಿಯನ್’ ಎಂಬ, 100 ಮೀಟರು ವ್ಯಾಸದ, 3 ಮೆಗಾವಾಟಿನ ಮಹಾಯಂತ್ರವನ್ನು ನಿಲ್ಲಿಸಿತು. ಮನುಷ್ಯನನ್ನು ಚಂದ್ರನಿಗೆ ಕಳಿಸಿದವರೂ ಜರ್ಮನಿಯ ಹೆಸರಾಂತ ಎಂಜಿನಿಯರುಗಳೂ ಇದರಲ್ಲಿದ್ದರು, ಹಣಕ್ಕೆ ಕೊರತೆಯಿರಲಿಲ್ಲ. ಈ ಎರಡೂ ದೇಶಗಳು ಆರಿಸಿಕೊಂಡದ್ದು ಎರಡು ರೆಕ್ಕೆಗಳ, ಹಗುರವಾದ, ಲೆಕ್ಕದಲ್ಲಿ ಅಂದವಾದ ರೂಪವನ್ನು. ಗ್ರೋವಿಯನ್ ನಾಲ್ಕು ವರ್ಷಗಳಲ್ಲಿ ಒಟ್ಟು ತಿರುಗಿದ್ದು ಕೆಲವು ನೂರು ಗಂಟೆ ಮಾತ್ರ. ಲೋಹ ಬಿರುಕುಬಿಟ್ಟು, ಕಡೆಗೆ ಅದನ್ನು ಬಿಚ್ಚಿಹಾಕಿದರು. ಇತ್ತ ಹರ್ಬೋರ್ಗಿನ ಕುಲುಮೆಯ ವಿನ್ಯಾಸವನ್ನು 1979ರಲ್ಲಿ ವೆಸ್ಟಾಸ್ ಎಂಬ, ರೈತರಿಗೆ ಬಂಡಿಗಳನ್ನೂ ಉಪಕರಣಗಳನ್ನೂ ಮಾಡಿ ಮಾರುತ್ತಿದ್ದ ಕಂಪನಿ ಕೊಂಡುಕೊಂಡಿತು. ಅದು ಮುಂದೆ ಜಗತ್ತಿನ ಗಾಳಿಯಂತ್ರ ತಯಾರಕರ ಮುಂಚೂಣಿಗೆ ಬಂದದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಈ ವೈಚಿತ್ರ್ಯವನ್ನು ಡೆನ್ಮಾರ್ಕಿನ ಪೀಟರ್ ಕಾರ್ನೋ ಮತ್ತು ಭಾರತೀಯ ಮೂಲದ ರಘು ಗರುಡ್ ಎಂಬ ವಿದ್ವಾಂಸರು 2003ರ ಒಂದು ಪ್ರಬಂಧದಲ್ಲಿ ಕೂಲಂಕಷವಾಗಿ ವಿಚಾರಮಾಡಿದ್ದಾರೆ. ಒಂದು ನೆಗೆತದಲ್ಲಿ ಗುರಿಮುಟ್ಟುವ ಹಟ ಅಮೆರಿಕದ್ದು, ಸಿಕ್ಕಿದ್ದರಲ್ಲಿ ಕಟ್ಟಿ, ಕೆಟ್ಟದ್ದನ್ನು ತಿದ್ದಿ, ಒಂದೊಂದೇ ಹೆಜ್ಜೆಯಿಡುವ ಕ್ರಮ ಡೇನರದು ಎಂಬುದು ಅವರ ವಾದದ ತಿರುಳು. ನಾನು ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಇದರಿಂದ, ಓದು ಬೇಡ, ಬಡಗಿಯ ಉಳಿಯೇ ಸಾಕು ಎಂಬ ತೀರ್ಮಾನಕ್ಕೆ ಹಾರುವವರನ್ನು ಒಪ್ಪಲಾರೆ. ರೀಸಾಗರ್‌ನ ಬೆನ್ನ ಹಿಂದೆ ಯೂಲ್ ಇದ್ದ, ಯೂಲ್‌ನ ಹಿಂದೆ ಲಾ ಕೂರ್ ಇದ್ದ. ಲಾ ಕೂರ್ ಅಪ್ಪಟ ವಿಜ್ಞಾನಿ. ಆ ನಾಡಿನ ವಿಶೇಷವೆಂದರೆ ವಿಜ್ಞಾನಿಯ ಕೊಳವೆಯಿಂದ ಕಮ್ಮಾರನ ಕುಲುಮೆಗೆ ದಾರಿಯೊಂದಿತ್ತು, ಮತ್ತು ಆ ದಾರಿ ಹಳ್ಳಿಯ ಶಾಲೆಯೊಂದರ ಅಂಗಳದ ಮೂಲಕ ಹಾದುಹೋಗಿತ್ತು. ಸರಕಾರವೂ ಸುಮ್ಮನಿರಲಿಲ್ಲ, 1979ರಿಂದ ರೀಸೋ ಒಪ್ಪಿದ ಯಂತ್ರ ಕೊಂಡವರಿಗೆ ಬೆಲೆಯಲ್ಲಿ ನೂರಕ್ಕೆ 30ರಷ್ಟನ್ನು ತಾನೇ ಕೊಟ್ಟಿತು. ಅಕ್ಕಪಕ್ಕದ ಮನೆಯವರು ಪಾಲುಹಾಕಿ ಯಂತ್ರ ಕೊಂಡರು. ಕಿಟಕಿಯಿಂದ ಕಾಣುವ ಚಕ್ರದಲ್ಲಿ ತನ್ನದೊಂದು ಪಾಲಿದ್ದರೆ ಅದರ ಸದ್ದು ಕಿವಿಗೆ ಅಷ್ಟು ಕರ್ಕಶವೆನ್ನಿಸದು! 1985ರಲ್ಲಿ ಡೆನ್ಮಾರ್ಕಿನ ಸಂಸತ್ತು ಪರಮಾಣು ವಿದ್ಯುತ್ತನ್ನು ಕೈಬಿಟ್ಟಿತು. ಇಂದು ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯದು.

ನಮ್ಮಲ್ಲಿ ಈ ದಿಕ್ಕಿನ ಯೋಚನೆಯೇ ಇರಲಿಲ್ಲವೆಂದಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿಯೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಬಾವಿಯಿಂದ ನೀರೆತ್ತುವ ಗಾಳಿಯಂತ್ರವೊಂದನ್ನು ರೂಪಿಸಿ, ಹಲವು ಕಡೆ ನಿಲ್ಲಿಸಿದ್ದರು. ಅದು ಜನರ ನಡುವೆ ಬೇರೂರಲಿಲ್ಲ. ಪಂಪ್‌ಸೆಟ್ಟುಗಳು ಬಂದು ಆ ಜಾಗವನ್ನು ತುಂಬಿದವು. ಪ್ರಯೋಗಾಲಯದಲ್ಲಿ ಜಾಣರಿದ್ದರು, ಹಳ್ಳಿಯಲ್ಲಿ ಕಮ್ಮಾರರಿದ್ದರು. ಇಬ್ಬರ ನಡುವೆ ಆಸ್ಕೋವ್ ಇರಲಿಲ್ಲ.

ಗೆದ್ದ ಕಮ್ಮಾರನೂ ಒಂದು ಬಗೆಯಲ್ಲಿ ಸೋತವನೇ. ಹುಡುಗ ಸ್ಟೀಸ್ಡಾಲ್ ಮುಂದೆ ಬೋನಸ್ ಎಂಬ ಕಂಪನಿಯನ್ನು ಸೇರಿ, ಅದನ್ನು ಕೊಂಡುಕೊಂಡ ಸೀಮೆನ್ಸ್ ಸಂಸ್ಥೆಯ ಗಾಳಿವಿದ್ಯುತ್ ವಿಭಾಗದಲ್ಲಿ ಮುಖ್ಯ ತಂತ್ರಜ್ಞನಾಗಿ 2014ರವರೆಗೆ ದುಡಿದ. ಅವನ ಬೋನಸ್ ಕಂಪನಿಯ ಹನ್ನೊಂದು ಯಂತ್ರಗಳು 1991ರಲ್ಲಿ ವಿಂಡೆಬಿ ಎಂಬಲ್ಲಿ ಸಮುದ್ರದೊಳಗೆ ನಿಂತವು. ಕಡಲಿನಲ್ಲಿ ಗಾಳಿಯಂತ್ರಗಳ ತೋಪೊಂದು ಎದ್ದದ್ದು ಅದೇ ಮೊದಲು. ಈಗ ಒಂದೊಂದು ರೆಕ್ಕೆ ನೂರು ಮೀಟರನ್ನು ಮೀರಿದೆ. ಯಾವ ಬಡಗಿಯ ಹಿತ್ತಲಿನಲ್ಲಿಯೂ ಅದು ಹಿಡಿಸದು. ಚಿತ್ರದುರ್ಗದ ಬೆಟ್ಟದ ಕೆಳಗಿನ ಹಳ್ಳಿಯವನಿಗೆ ಮೇಲಿನ ಯಂತ್ರ ಯಾರದೋ ಆಸ್ತಿ. ಅದರೊಳಗೆ ಏನಿದೆಯೆಂದು ಇಣುಕಿ ನೋಡುವ ಅವಕಾಶ ಅವನಿಗಿಲ್ಲ. ರೀಸಾಗರ್‌ನ ಯಂತ್ರದ ಬಾಗಿಲು ತೆರೆದರೆ ಲಾರಿ ರಿಪೇರಿ ಬಲ್ಲ ಯಾವನಿಗಾದರೂ ಎಲ್ಲವೂ ಅರ್ಥವಾಗುತ್ತಿತ್ತು.

ಆ ಹಳೆಯ ದಾರಿ ಪೂರ್ಣ ಮುಚ್ಚಿಹೋಗಿಲ್ಲ ಎನ್ನುವುದಕ್ಕೆ ಸ್ಕಾಟ್ಲಂಡಿನ ವಾಯವ್ಯ ಕರಾವಳಿಯ ಸ್ಕೊರೇಗ್ ಎಂಬ ಪುಟ್ಟ ಊರನ್ನು ಹೆಸರಿಸಬಹುದು. ಅಲ್ಲಿಗೆ ವಿದ್ಯುತ್ ತಂತಿ ಬಂದಿರಲಿಲ್ಲ. 1970ರ ದಶಕದಲ್ಲಿ ಅಲ್ಲಿ ನೆಲೆಸಿದ ಹ್ಯೂ ಪಿಗಟ್ ಮನೆಯ ದೀಪಕ್ಕೆಂದು ಯಂತ್ರ ಕಟ್ಟಲು ತೊಡಗಿದವರು, ಹಳೆಯ ವಾಹನಗಳ ಬ್ರೇಕು ಡ್ರಮ್ಮಿನಿಂದ ಜನರೇಟರು ಮಾಡುವ ಕ್ರಮವನ್ನು ಬರೆದಿಟ್ಟರು. ಆಮೇಲೆ ರಾಳದಲ್ಲಿ ಅಯಸ್ಕಾಂತಗಳನ್ನು ಕೂರಿಸಿ, ಕೈಯಿಂದ ಸುತ್ತಿದ ತಾಮ್ರದ ಸುರುಳಿಗಳನ್ನು ಅವುಗಳ ನಡುವೆ ಇರಿಸುವ ಸುಲಭ ವಿನ್ಯಾಸವನ್ನು ರೂಪಿಸಿದರು. ರೆಕ್ಕೆ ಮಾತ್ರ ಇಲ್ಲಿಯೂ ಮರದ್ದೇ, ಕೈಯಿಂದ ಕೆತ್ತಿದ್ದೇ. ಬಿರುಗಾಳಿಯ ಸಮಸ್ಯೆಗೆ ಅವರ ಪರಿಹಾರ ಬಾಲದಲ್ಲಿದೆ: ಚಕ್ರವನ್ನು ಕಂಬದ ನೇರಕ್ಕೆ ಕೂರಿಸದೆ ತುಸು ಪಕ್ಕಕ್ಕೆ ಕೂರಿಸಿರುವುದರಿಂದ ಜೋರಾದ ಗಾಳಿ ಅದನ್ನು ಓರೆಗೆ ತಳ್ಳುತ್ತದೆ, ಓರೆಯಾದಂತೆ ಭಾರದ ಬಾಲ ಮೇಲಕ್ಕೇಳುತ್ತದೆ, ಗಾಳಿ ಇಳಿದಾಗ ಬಾಲ ತನ್ನ ತೂಕದಿಂದಲೇ ಕೆಳಗಿಳಿದು ಚಕ್ರವನ್ನು ಮತ್ತೆ ಗಾಳಿಗೆ ತಿರುಗಿಸುತ್ತದೆ. ಇದನ್ನು ಕಲಿಸುವ ಶಿಬಿರಗಳು ಅನೇಕ ದೇಶಗಳಲ್ಲಿ ನಡೆದಿವೆ. ಗೆರೆಯೆಳೆದ ಮರದ ದಿಮ್ಮಿಯೊಂದಿಗೆ ಮೊದಲ ದಿನ ಕುಳಿತವರು ಒಂದು ವಾರದಲ್ಲಿ ತಿರುಗುವ ಯಂತ್ರದ ಕೆಳಗೆ ನಿಲ್ಲುತ್ತಾರೆ. ಸ್ಕೊರೇಗ್‌ಗೆ ಮೋಟಾರು ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೆ ಕಡಲ ದಂಡೆಯ ಕಾಲುದಾರಿಯಲ್ಲಿ ನಡೆದು ಹೋಗಬೇಕು.